ತೊಟ್ಟಿಲಿನ ಮುಸುಕು

ಕೋಕಂದ್ ಪಟ್ಟಣದ ಬಡಗಿಗಳ ಮೊಹಲ್ಲಾದಲ್ಲಿ ತೊಟ್ಟಿಲು ಮಾಡುವವರು ಬೇಕಾದಷ್ಟು ಮಂದಿ ಇದ್ದರು. ತೊಟ್ಟಿಲಿನ ಹಾಸಿಗೆ ಹೊಲಿಯುವವಳು ಮಾತ್ರ ರಿಸೋಲತ್ ಒಬ್ಬಳೇ. ಅದೇನು ಯಾರು ಬೇಕಾದರೂ ನಾಲ್ಕು ಹೊಲಿಗೆ ಹಾಕಿ ಮುಗಿಸುವ ಹಾಸಿಗೆಯಲ್ಲ. ನಡುವೆ ಸರಿಯಾದ ಜಾಗದಲ್ಲಿ ತೂತು ಬೇಕು; ಮಗು ಒದ್ದೆ ಮಾಡಿದ್ದು ಮರದ ನಳಿಕೆಯಲ್ಲಿ ಇಳಿದು, ಆ ತೂತಿನಿಂದ ಕೆಳಗೆ ಕಟ್ಟಿದ ಮಣ್ಣಿನ ಕುಡಿಕೆಗೆ ಬೀಳಬೇಕು. ಕೈಕಾಲು ಆಡಿಸದಂತೆ ಕಟ್ಟುವ ಅಗಲ ಪಟ್ಟಿಗಳು ಬಿಗಿಯಾಗಬಾರದು, ಜಾರಲೂಬಾರದು. ಮೇಲೆ ಹೊದಿಸುವ ಮಖಮಲ್ಲಿನ ಮುಸುಕು ನಾಲ್ಕೂ ಕಡೆ ಇಳಿದು, ಒಳಗಿರುವುದು ಹೊರಗಿನವರಿಗೆ ಕಾಣದಂತೆ ಇರಬೇಕು.

ಇಷ್ಟೆಲ್ಲ ಗೊತ್ತಿದ್ದ ರಿಸೋಲತ್‌ಗೆ ಮಕ್ಕಳಾಗಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಗಂಡ ಬಿಟ್ಟುಹೋದ. ನಮಂಗಾನಿಗೆ ಕೊಟ್ಟಿದ್ದ ತಂಗಿ ನಫೀಸಾ ಮಾತ್ರ ಒಂದರ ಹಿಂದೆ ಒಂದು ಹೆರುತ್ತಿದ್ದಳು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ, ಇದು ನಿನಗೆ ಎಂದು ಅವಳೇ ಬಾಯಿಬಿಟ್ಟು ಮಾತು ಕೊಟ್ಟಿದ್ದಳು. ಅಕ್ಕತಂಗಿಯರ ನಡುವೆ ಹಾಗೆ ಮಗು ಕೊಡುವುದು ಆ ಊರುಗಳಲ್ಲಿ ನಡೆದೇ ಇದೆ. ರಿಸೋಲತ್ ಕೆಂಪು ಮಖಮಲ್ಲಿನ ಹಾಸಿಗೆ ಹೊಲಿದುಕೊಂಡು ತಂಗಿಯ ಹೆರಿಗೆಗೆ ಹೋದಳು. ಹೆತ್ತ ಮೇಲೆ ನಫೀಸಾಗೆ ಕೊಡಲಾಗಲಿಲ್ಲ. ಮಗುವನ್ನು ಅವಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ರಿಸೋಲತ್ ಹಾಸಿಗೆಯನ್ನು ಅಲ್ಲೇ ಇಟ್ಟು ಬಂದಳು. ಅಂದಿನಿಂದ ಇಬ್ಬರ ಒಡನಾಟ ಹಬ್ಬಕ್ಕೊಂದು ಫೋನಿಗೆ ಇಳಿದಿತ್ತು.

ಮೊಹಲ್ಲಾದವರು ಅವಳೊಂದಿಗೆ ಕೆಟ್ಟದಾಗಿ ನಡೆದುಕೊಂಡರು ಎಂದರೆ ಸುಳ್ಳಾಗುತ್ತದೆ. ಆದರೆ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ಅಲ್ಲಿ ಕೂರುವವರು ಮಕ್ಕಳೊಂದಿಗರಾಗಿರಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ರಿಸೋಲತ್‌ಗೂ ಗೊತ್ತಿತ್ತು. ಹಾಸಿಗೆಯನ್ನು ಬಾಗಿಲಲ್ಲೇ ಕೊಟ್ಟು, ಮನೆಯಲ್ಲಿ ಕೆಲಸವಿದೆ ಎಂದು ತಿರುಗಿ ಬರುತ್ತಿದ್ದಳು. ಒಳಗೆ ಬಾ ಎಂದು ಯಾರೂ ಕೈ ಹಿಡಿದು ಎಳೆಯುತ್ತಿರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು ದಮಾಸ್ ವ್ಯಾನಿನ ಚಕ್ರಕ್ಕೆ ಸಿಕ್ಕಿ ಅವಳ ಬಾಗಿಲ ಮುಂದಿನ ಕಾಲುವೆಯಲ್ಲಿ ಬಿದ್ದಿತ್ತು. ರಿಸೋಲತ್‌ಗೆ ಬೆಕ್ಕಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮಖಮಲ್ಲಿನ ಮೇಲೆ ಮಲಗುತ್ತದೆಂದು ಇದೇ ಬೆಕ್ಕಿನ ಮೇಲೆ ಹಿಂದೆ ನೀರೆರಚಿದ್ದಳು. ಆದರೆ ಅದು ಮುಂಗಾಲಲ್ಲಿ ತೆವಳಿಕೊಂಡು, ಹಿಂದಿನ ಅರ್ಧ ಮೈಯನ್ನು ಬೇರೆ ಯಾರದ್ದೋ ಸಾಮಾನಿನ ಹಾಗೆ ಎಳೆದುಕೊಂಡು ಬಾಗಿಲಿಗೆ ಬಂದಾಗ ಅವಳಿಗೆ ಬಾಗಿಲು ಮುಚ್ಚಲಾಗಲಿಲ್ಲ. ಬುಟ್ಟಿಯಲ್ಲಿ ಹಾಕಿಕೊಂಡು ದನದ ಡಾಕ್ಟರು ತೋಹಿರನ ಬಳಿ ಹೋದಳು.

ತೋಹಿರ್ ಮೊದಲು ನಕ್ಕ. ಆಮೇಲೆ ಬೆನ್ನು ಮುಟ್ಟಿ ನೋಡಿ ನಗು ನಿಲ್ಲಿಸಿದ. ಬೆನ್ನುಮೂಳೆ ಮುರಿದಿದೆ, ಕಾಲು ಇನ್ನು ಬರುವುದಿಲ್ಲ, ಉಚ್ಚೆ ಹೊಯ್ಯುವುದೂ ತಾನಾಗಿ ಆಗುವುದಿಲ್ಲ, ಹೊಟ್ಟೆ ಒತ್ತಿ ಹೊಯ್ಯಿಸಬೇಕು ಎಂದ. ಮೂಳೆ ಕೂಡಿಕೊಳ್ಳಬೇಕಾದರೆ ತಿಂಗಳ ಮೇಲೆ ಅಲುಗದೆ ಮಲಗಿರಬೇಕು.

"ಬೆಕ್ಕನ್ನ ಅಲ್ಲಾಡದ ಹಾಗೆ ಮಲಗಿಸಿದೋರನ್ನ ನೋಡಿದೀರಾ ಓಪಾ? ಒಂದು ಸೂಜಿ ಹಾಕ್ಬಿಡ್ತೀನಿ, ನೋವಿಲ್ದೆ ಹೋಗುತ್ತೆ" ಎಂದ. ತನಗಿಂತ ದೊಡ್ಡ ಹೆಂಗಸರನ್ನೆಲ್ಲ ಅವನು ಓಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಮಲಗಿಸೋದು ನನಗೆ ಬಿಡು. ಹೊಟ್ಟೆ ಒತ್ತೋದು ಹೇಗೆ ಅಂತ ತೋರ್ಸು" ಎಂದಳು ರಿಸೋಲತ್.

ಅಳತೆ ನೋಡಲೆಂದು ಅವಳ ಹೊಲಿಗೆಯ ಕೋಣೆಯಲ್ಲಿ ಒಂದು ತೊಟ್ಟಿಲು ಯಾವಾಗಲೂ ಇರುತ್ತಿತ್ತು. ಅದಕ್ಕೆ ಚಿಕ್ಕ ಹಾಸಿಗೆ ಹೊಲಿದಳು, ತೂತನ್ನು ಬೆಕ್ಕಿನ ಮೈಗೆ ತಕ್ಕಂತೆ ಸರಿಸಿದಳು, ಪಟ್ಟಿಗಳಿಗೆ ಒಳಗಿನಿಂದ ಹತ್ತಿ ತುಂಬಿದಳು. ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ ಕಟ್ಟಿ ಮುಸುಕು ಎಳೆದಳು. ಮೊದಲೆರಡು ದಿನ ಅದು ಪರಚಿತು, ಕಚ್ಚಿತು. ಆಮೇಲೆ ಕತ್ತಲಿಗೆ ಒಗ್ಗಿಕೊಂಡಿತೋ, ಸುಸ್ತಾಗಿತ್ತೋ, ಸುಮ್ಮನಾಯಿತು. ದಿನಕ್ಕೆ ನಾಲ್ಕು ಹೊತ್ತು ಪಟ್ಟಿ ಬಿಚ್ಚಿ, ಹೊಟ್ಟೆಯ ಕೆಳಗೆ ಬೆರಳಿಟ್ಟು, ಹಸಿ ಜರ್ದಾಳುವಿನಂಥ ಮೂತ್ರಚೀಲವನ್ನು ಹುಡುಕಿ ಮೆಲ್ಲಗೆ ಒತ್ತುವಳು. ಹೊತ್ತು ತಪ್ಪಿದರೆ ಬೆಕ್ಕು ನೋವಿಗೆ ಅಳುತ್ತಿತ್ತು. ನಡುನಡುವೆ ತೊಟ್ಟಿಕ್ಕಿದ್ದು ಕುಡಿಕೆಗೆ ಇಳಿಯುತ್ತಿತ್ತು. ಸೊಂಟದ ಹುಣ್ಣುಗಳು ಒಣಗತೊಡಗಿದವು. ತೊಟ್ಟಿಲು ಇದ್ದ ಮೇಲೆ ಕೈ ಸುಮ್ಮನಿರುತ್ತದೆಯೇ? ತೂಗಿದಳು. ತೂಗಿದ ಮೇಲೆ ಬಾಯಿಯೂ ಸುಮ್ಮನಿರಲಿಲ್ಲ. ಊರಿನ ತಾಯಂದಿರಿಂದ ಕೇಳಿ ಕೇಳಿ ಗೊತ್ತಿದ್ದ ಜೋಗುಳವನ್ನು, ನಾಚಿಕೆಯಿಂದಲೇ, ಗುನುಗಿದಳು.

ಗೋಡೆಯ ಆಚೆ ಇದ್ದವಳು ಮುನಾವ್ವರ್. ಮೊಹಲ್ಲಾಗೆಲ್ಲ ಖೋಲಾ, ಚಿಕ್ಕಮ್ಮ. ಯಾರ ಮನೆಯ ಒಲೆಯ ಮೇಲೆ ಏನಿದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವಳಿಗೆ ಅಳು ಕೇಳಿಸಿತು; ಕಟ್ಟಿದ ಬೆಕ್ಕು ಹಸಿದು ಕೂಗಿದರೆ ಅದು ಎಳೆಗೂಸಿನ ಅಳುವೇ. ತೊಟ್ಟಿಲು ತೂಗುವ ಸದ್ದು ಕೇಳಿಸಿತು, ಜೋಗುಳ ಕೇಳಿಸಿತು. ಹಗ್ಗದ ಮೇಲೆ ಚಿಕ್ಕ ಚಿಕ್ಕ ಬಟ್ಟೆಗಳು ಒಣಗುತ್ತಿರುವುದೂ ಕಂಡಿತು. ನಫೀಸಾ ಐದನೆಯದನ್ನು ಹೊತ್ತಿದ್ದಾಳೆ ಎಂದು ಊರಿಗೆಲ್ಲ ಗೊತ್ತಿತ್ತಲ್ಲ. ಮುನಾವ್ವರ್ ಖೋಲಾ ಎರಡೂ ಎರಡೂ ಕೂಡಿಸಿ ನಾಲ್ಕು ಮಾಡಿದಳು: ತಂಗಿ ಕಡೆಗೂ ಕೊಟ್ಟ ಮಾತು ಉಳಿಸಿಕೊಂಡಳು.

ಹೀಗೆ ಕೊಟ್ಟು ತಂದ ಮಗುವಿನ ವಿಚಾರವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾಳೆ ಮಗುವಿನ ಕಿವಿಗೆ ಬೀಳಬಾರದೆಂದು. ನಲವತ್ತು ದಿನದ ಚಿಲ್ಲಾ ಮುಗಿಯುವ ತನಕ ಹೊರಗಿನವರು ಮುಸುಕು ಎತ್ತಿ ನೋಡುವುದೂ ಇಲ್ಲ, ದೃಷ್ಟಿಯಾಗುತ್ತದೆ. ಹಾಗಾಗಿ ಮೊಹಲ್ಲಾದ ಹೆಂಗಸರು ಬಲು ಸೂಕ್ಷ್ಮವಾಗಿ ನಡೆದುಕೊಂಡರು. ಬಾಗಿಲ ಬಳಿ ಮುಚ್ಚಿದ ಬಟ್ಟಲಲ್ಲಿ ಶೂರ್ವಾ ಎಂಬ ಮಾಂಸದ ಸಾರು ಬಂತು, ಬಿಸಿ ರೊಟ್ಟಿ ಬಂತು. ಮುನಾವ್ವರ್ ಖೋಲಾ ಹುರಿದ ಹಿಟ್ಟಿನ ಗಂಜಿ ತಂದುಕೊಟ್ಟಳು, ಬಾಣಂತಿಯರಿಗೆ ಕುಡಿಸುವಂಥದ್ದು. ಕುಡಿ, ನಿದ್ದೆಗೆಡೋರಿಗೆ ಶಕ್ತಿ ಬೇಕು ಎಂದಳು. ರಿಸೋಲತ್‌ಗೆ ಬೆರಗಾಯಿತು. ಒಂದು ಬೆಕ್ಕಿಗೋಸ್ಕರ ತಾನು ನಿದ್ದೆಗೆಡುತ್ತಿರುವುದು ಇವರಿಗೆ ತಿಳಿದು ಮರುಗಿದರೆಂದೇ ನಂಬಿ, ಕಣ್ಣಲ್ಲಿ ನೀರು ತಂದುಕೊಂಡು ಗಂಜಿ ಕುಡಿದಳು.

ಅಸಲು ಸಂಗತಿ ಗೊತ್ತಾದದ್ದು ಶೋಹಿಸ್ತಾ ಬಂದ ದಿನ. ಬಸುರಿ ಹುಡುಗಿ, ತನ್ನ ಚೊಚ್ಚಲಿಗೆ ಹಾಸಿಗೆ ಹೊಲಿಯಲು ಮಖಮಲ್ಲು ತಂದಿದ್ದಳು. ಹೊಸ್ತಿಲಲ್ಲೇ ನಿಂತು ಪಿಸುದನಿಯಲ್ಲಿ, "ಪಾಪು ಮಲಗಿದ್ಯಾ ಓಪಾ? ಎಬ್ಬಿಸ್ಬೇಡಿ. ನಾನು ಆಮೇಲೆ ಬರ್ತೀನಿ" ಎಂದಳು.

ಯಾವ ಪಾಪು ಎಂದು ಕೇಳಬೇಕಿತ್ತು. ಮಾತು ಬಾಯಿಗೆ ಬಂದೂ ಇತ್ತು. ಆದರೆ ಆ ಹುಡುಗಿ ಅವಳನ್ನು ನೋಡುತ್ತಿದ್ದ ಪರಿ ಬೇರೆಯಾಗಿತ್ತು. ತನಗಿಂತ ಮುಂದೆ ಆ ದಾರಿಯಲ್ಲಿ ನಡೆದವರನ್ನು ನೋಡುವ ಹಾಗೆ. ಯಾರೂ ಯಾವತ್ತೂ ರಿಸೋಲತ್‌ಳನ್ನು ಹಾಗೆ ನೋಡಿರಲಿಲ್ಲ.

"ಮಲಗಿದೆ" ಎಂದಳು.

ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ನಿಂತಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಇನ್ನೊಬ್ಬಳು ಹಾಲು ತಂದಳು, ಮೊಮ್ಮಗನಿಗೆ ಹೊಟ್ಟೆನೋವು ಬಂದಾಗ ಏನು ಮಾಡಿದೆ ಎಂದು ಹೇಳುತ್ತಾ ಹೊಸ್ತಿಲಲ್ಲೇ ಬಹಳ ಹೊತ್ತು ನಿಂತಳು. ರಿಸೋಲತ್ ಹೂಂಗುಟ್ಟಿದಳು. ಅವಳ ಬದುಕಿನಲ್ಲಿ ಇಷ್ಟು ಜನ ಇಷ್ಟು ದಿನ ಬಾಗಿಲು ತಟ್ಟಿದ್ದೇ ಇಲ್ಲ. ಬೆಳಿಗ್ಗೆ ಎದ್ದು ತಲೆವಸ್ತ್ರ ಸರಿಪಡಿಸಿಕೊಂಡು, ಇವತ್ತು ಯಾರು ಬರಬಹುದು ಎಂದು ಕಾಯುವುದು ಅಭ್ಯಾಸವಾಯಿತು. ಸುಳ್ಳನ್ನೇನೂ ಹೇಳಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುವಳು, ಮನಸ್ಸು ಒಪ್ಪುತ್ತಿರಲಿಲ್ಲ.

ಚಿಲ್ಲಾ ಮುಗಿಯಲು ಸ್ವಲ್ಪವೇ ದಿನ ಇದ್ದಾಗ, ಅವಳು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೊತ್ತಿನಲ್ಲಿ, ಮುನಾವ್ವರ್ ಖೋಲಾ ಬಂದಳು. ಒಳಗೆ ಅಳು ಕೇಳಿ, ತಾಯಿ ಕೈ ಒದ್ದೆಯಿದೆ, ನಾನೇ ತೂಗಿದರಾಯಿತು ಎಂದು ನೇರ ಕೋಣೆಗೆ ಹೋದಳು. ತೂಗಿದರೂ ಅಳು ನಿಲ್ಲದಿದ್ದಾಗ ಚಿಲ್ಲಾ ಎಂಬುದನ್ನೂ ಮರೆತಳು; ರಿಸೋಲತ್ ಓಡಿ ಬರುವಷ್ಟರಲ್ಲಿ ಮುಸುಕು ಎತ್ತಿಯಾಗಿತ್ತು.

"ಇದೇನೇ ಇದು?"

"ಬೆಕ್ಕು, ಖೋಲಾ."

"ಅದು ನನಗೂ ಕಾಣ್ಸುತ್ತೆ. ಮಗು ಎಲ್ಲಿ?"

"ಮಗು ಇಲ್ಲ. ಇರ್ಲೇ ಇಲ್ಲ."

ಮುನಾವ್ವರ್ ಖೋಲಾ ಜಮಖಾನೆಯ ಮೇಲೆ ಕುಸಿದು ಕುಳಿತಳು. "ಅಲ್ಲಾ, ನಾನು ಇದಕ್ಕೆ ಗಂಜಿ ಕಾಯ್ಸಿ ತಂದ್ನಾ?"

"ಗಂಜಿ ನಾನೇ ಕುಡಿದೆ ಖೋಲಾ. ಇದಕ್ಕೆ ಶೂರ್ವಾದಲ್ಲಿದ್ದ ಮಾಂಸ ಹಾಕ್ದೆ."

ಬೈಗುಳ ಬಂತು, ಸಾಕಷ್ಟು ಬಂತು. ಆದರೆ ಮುನಾವ್ವರ್ ಖೋಲಾ ಕೆಟ್ಟ ಹೆಂಗಸಲ್ಲ. ಅಲ್ಲದೆ ಸುದ್ದಿ ಹಬ್ಬಿಸಿದವಳು ಅವಳೇ. ಈಗ ಮಗು ಬೆಕ್ಕಾದರೆ ಮೊದಲು ಹೋಗುವುದು ಅವಳ ಮರ್ಯಾದೆ. ಬೈದು ದಣಿದ ಮೇಲೆ ದಾರಿಯನ್ನೂ ಅವಳೇ ಕಂಡುಹಿಡಿದಳು. ಚಿಲ್ಲಾ ಮುಗಿದ ದಿನ ಹೆಂಗಸರು ಬಂದಾಗ, ನಫೀಸಾ ಮನಸ್ಸು ಬದಲಿಸಿ ಮಗುವನ್ನು ವಾಪಸು ಕರೆದೊಯ್ದಳು ಎಂದುಬಿಡುವುದು. ಯಾರಿಗೂ ಅನುಮಾನ ಬರುವುದಿಲ್ಲ, ಹಿಂದೆ ಒಮ್ಮೆ ಹಾಗೆ ಮಾಡಿದವಳೇ ತಾನೆ? ಮಡಿಲು ಬರಿದಾದವಳೆಂದು ಎಲ್ಲರೂ ರಿಸೋಲತ್‌ಳನ್ನು ಇನ್ನಷ್ಟು ಹತ್ತಿರ ಮಾಡಿಕೊಳ್ಳುತ್ತಾರೆ.

"ಆದ್ರೆ ಇದು ಮನೇಲಿ ಇರಬಾರದು. ಇವತ್ತಲ್ಲ ನಾಳೆ ಯಾರಾದ್ರೂ ನೋಡ್ತಾರೆ, ಲೆಕ್ಕ ಹಾಕ್ತಾರೆ. ತೋಹಿರ್ ಹತ್ರ ತಗೊಂಡೋಗು. ಕಾಲಿಲ್ಲದ ಬೆಕ್ಕು, ಅದಕ್ಕೂ ಬಿಡುಗಡೆ" ಎಂದಳು.

ಮರುದಿನ ರಿಸೋಲತ್ ಹೊರಟಳು. ಹೌದು, ಹೊರಟಳು. ಬುಟ್ಟಿಯಲ್ಲಿ ಬೆಕ್ಕನ್ನು ಮಲಗಿಸಿಕೊಂಡು ತೋಹಿರನ ಬಾಗಿಲ ತನಕ ಹೋದಳು. ಅವನು ಯಾರದೋ ಹಸು ನೋಡಲು ಹೋಗಿದ್ದ. ಬೆಂಚಿನ ಮೇಲೆ ಕಾಯುತ್ತಾ ಕುಳಿತಿದ್ದಾಗ ಬೆಕ್ಕು ಒದ್ದೆ ಮಾಡಿಕೊಂಡಿತು. ಅವಳು ಎಂದಿನಂತೆ ಚೀಲದಿಂದ ಒಣ ಬಟ್ಟೆ ತೆಗೆದು ಬದಲಿಸಿದಳು. ಬದಲಿಸಿದ ಮೇಲೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದಳು. ಕೊಲ್ಲಿಸಲು ಹೊರಟವಳು ಬದಲಿ ಬಟ್ಟೆ ಕಟ್ಟಿಕೊಂಡು ಬರುತ್ತಾಳೆಯೇ? ತೋಹಿರ್ ಬರುವ ಮುಂಚೆಯೇ ಎದ್ದು ಮನೆಗೆ ಬಂದಳು. ಮುನಾವ್ವರ್ ಖೋಲಾಗೆ ಮಾತ್ರ, ಹೋಗಿದ್ದೆ, ಆಯಿತು ಎಂದಳು. ಎರಡನ್ನೂ ಉಳಿಸಿಕೊಳ್ಳಬಹುದೆಂದು ಅವಳ ಆಸೆ. ಬೆಕ್ಕೂ ಇರಲಿ, ಬಾಗಿಲು ತಟ್ಟುವವರೂ ಇರಲಿ.

ಚಿಲ್ಲಾ ಮುಗಿಯುವ ಆ ದಿನ ಬಂತು. ಹೆಂಗಸರು ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದರು. ಮೊಹಲ್ಲಾದ ಮಕ್ಕಳನ್ನೆಲ್ಲ ಮೊದಲ ಸಲ ತೊಟ್ಟಿಲಿಗೆ ಹಾಕಿದ ಓಯ್ಶಾ ಬೂವಿ, ಎಲ್ಲರಿಗೂ ಅಜ್ಜಿಯಾದವಳು, ಕೋಲೂರಿಕೊಂಡು ಬಂದಳು. ಶೋಹಿಸ್ತಾ ಚಿಕ್ಕ ಟೋಪಿಯೊಂದನ್ನು ಹೊಲಿದು ತಂದಿದ್ದಳು. ಬಾಗಿಲಲ್ಲೇ ಮುನಾವ್ವರ್ ಖೋಲಾ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಶೋಹಿಸ್ತಾ ಟೋಪಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಎಲ್ಲರೂ ಒಳಗೆ ಬಂದು, ಸತ್ತವರ ಮನೆಯಲ್ಲಿ ಕೂರುವ ಹಾಗೆ ಕೂತರು. ಚಹಾ ತಣ್ಣಗಾಯಿತು.

ಆಮೇಲೆ ಮಾತು ಶುರುವಾಯಿತು. ಎಂಥ ತಂಗಿ ಅವಳು ಎಂದಳು ಒಬ್ಬಳು. ಎರಡನೇ ಸಲ ಹೀಗೆ ಮಾಡಿದಳಲ್ಲ, ಅವಳ ಹಾಲು ವಿಷವಾಗಲಿ ಎಂದಳು ಇನ್ನೊಬ್ಬಳು. ರಿಸೋಲತ್ ತಲೆ ತಗ್ಗಿಸಿ ಕೂತಿದ್ದಳು. ನಮಂಗಾನಿನಲ್ಲಿ ದೊಡ್ಡ ಹೊಟ್ಟೆ ಹೊತ್ತುಕೊಂಡು ಒಲೆ ಮುಂದೆ ನಿಂತಿರುವ ನಫೀಸಾ ಕಣ್ಣ ಮುಂದೆ ಬಂದಳು. ಓಯ್ಶಾ ಬೂವಿ ಯಾರನ್ನೂ ಬೈಯಲಿಲ್ಲ. ಕೈ ಚಾಚಿ ರಿಸೋಲತ್‌ಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಅಳು ಮಗಳೇ. ಇದಕ್ಕೆ ಅಳದೆ ಇನ್ಯಾವುದಕ್ಕೆ ಅಳ್ತೀಯ" ಎಂದಳು.

ತಾಯಿ ಸತ್ತ ಮೇಲೆ ಅವಳ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಒರಟು ಬೆರಳುಗಳು ಕೂದಲಲ್ಲಿ ಮೆಲ್ಲಗೆ ಆಡುತ್ತಿದ್ದವು. ಆಗಲೇ ಒಳಕೋಣೆಯಿಂದ ಬೆಕ್ಕು ಅತ್ತಿತು.

ಮಧ್ಯಾಹ್ನದ ಹೊತ್ತು ದಾಟಿತ್ತು. ಹೊಟ್ಟೆ ಉಬ್ಬಿರುತ್ತದೆ, ನೋಯುತ್ತಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುನಾವ್ವರ್ ಖೋಲಾ ಅವಳನ್ನು ಒಮ್ಮೆ ಕೆಕ್ಕರಿಸಿ ನೋಡಿ, ಬೀದಿ ಬೆಕ್ಕುಗಳ ಕಾಟ ಎಂದು ಜೋರಾಗಿ ಹೇಳಿದಳು. ಬೆಕ್ಕು ಮತ್ತೆ ಅತ್ತಿತು. ರಿಸೋಲತ್ ಏಳಲಿಲ್ಲ. ಇನ್ನೊಂದು ಗಳಿಗೆ, ಈ ಕೈ ಇನ್ನೊಂದು ಗಳಿಗೆ ತಲೆಯ ಮೇಲೆ ಇರಲಿ ಎಂದು ಕಣ್ಣು ಮುಚ್ಚಿಕೊಂಡಳು. ಬೆಕ್ಕು ಅಳುತ್ತಲೇ ಇತ್ತು. ಅವಳು ಅದನ್ನು ಅಳಲು ಬಿಟ್ಟಳು. ಮೂರನೆಯ ಸಲ ದನಿ ಒಡೆದು ಸಣ್ಣಗಾದಾಗ ಬೂವಿಯ ಕೈಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು ಎದ್ದಳು.

ಬೆಕ್ಕನ್ನೂ ಕುಡಿಕೆಯನ್ನೂ ಎತ್ತಿಕೊಂಡು ಬಂದು ಎಲ್ಲರ ನಡುವೆ ಕುಳಿತಳು. ಕಾಲುಗಳು ಬತ್ತಿಯ ಹಾಗೆ ಜೋತುಬಿದ್ದಿದ್ದವು. ಬೆರಳಿಟ್ಟು ಒತ್ತಿದಳು. ಕುಡಿಕೆಗೆ ಬೀಳುವ ಸದ್ದು ದೊಡ್ಡದಾಗಿ ಕೇಳಿಸಿತು, ಬಹಳ ಹೊತ್ತು ಕೇಳಿಸಿತು.

"ನಫೀಸಾ ನನಗೆ ಏನೂ ಕೊಡ್ಲಿಲ್ಲ, ಏನೂ ತಗೊಂಡೂ ಹೋಗ್ಲಿಲ್ಲ. ಅವಳನ್ನ ಬೈಬೇಡಿ. ತೊಟ್ಟಿಲಲ್ಲಿ ಇದ್ದದ್ದು ಇದೇ" ಎಂದಳು.

ಯಾರೋ ನಕ್ಕು, ನಗುವನ್ನು ನುಂಗಿಕೊಂಡರು. ಶೋಹಿಸ್ತಾ ತಲೆವಸ್ತ್ರದ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಓಯ್ಶಾ ಬೂವಿ ತನ್ನ ಖಾಲಿ ಮಡಿಲನ್ನು ನೋಡುತ್ತಿದ್ದಳು.

"ಆ ಹಾಡೂ ಇದಕ್ಕೇನಾ ಹಾಡ್ತಿದ್ದದ್ದು?"

"ಹೌದು ಬೂವಿ."

ಬೂವಿ ಕೋಲು ಹುಡುಕಿಕೊಂಡು ಎದ್ದಳು. ಅವಳು ಎದ್ದ ಮೇಲೆ ಉಳಿದವರಿಗೂ ಮನೆಯ ಒಲೆ ನೆನಪಾಯಿತು. ಒಬ್ಬರೂ ಕಟುವಾದ ಮಾತಾಡಲಿಲ್ಲ. ಜಗಳವನ್ನಾದರೂ ಆಡಿದ್ದರೆ ಚೆನ್ನಾಗಿತ್ತು. ಅವಸರದಲ್ಲಿ ರೊಟ್ಟಿ ಕಟ್ಟಿ ತಂದ ಬಟ್ಟೆಗಳನ್ನೂ ಬಿಟ್ಟುಹೋದರು.

ಆ ಬಟ್ಟೆಗಳನ್ನು ಖಾಲಿ ಹಿಂದಿರುಗಿಸುವಂತಿಲ್ಲ, ಅದು ಪದ್ಧತಿ. ಮರುದಿನ ರಿಸೋಲತ್ ಒಂದೊಂದರಲ್ಲೂ ಒಂದು ಹಿಡಿ ಒಣದ್ರಾಕ್ಷಿ, ಒಂದಿಷ್ಟು ಹಲ್ವ ಕಟ್ಟಿಕೊಂಡು ಮನೆಮನೆಗೆ ಹೋದಳು. ಬಾಗಿಲಿಗೆ ಬಂದವರನ್ನು, ಅಂಚೆಯವನೇ ಆಗಲಿ, ಬನ್ನಿ ಒಳಗೆ, ಚಹಾ ಕುಡಿಯಿರಿ ಎನ್ನದೆ ಅಲ್ಲಿ ಯಾರೂ ಕಳಿಸುವುದಿಲ್ಲ. ಬರಲಿ ಎಂದೇನಲ್ಲ, ಬಾಯಿ ತಾನಾಗಿ ಆಡುವ ಮಾತು ಅದು. ಆ ದಿನ ಒಂದು ಬಾಗಿಲಲ್ಲೂ ಆ ಮಾತು ಬರಲಿಲ್ಲ. ಬಟ್ಟೆ ತೆಗೆದುಕೊಂಡರು, ತಲೆಯಾಡಿಸಿದರು, ಬಾಗಿಲು ಹಾಕಿಕೊಂಡರು. ಶೋಹಿಸ್ತಾಳ ಅತ್ತೆ ಮಾತ್ರ ಇನ್ನೊಂದು ಮಾತು ಸೇರಿಸಿದಳು: ಸೊಸೆಗೆ ಪೇಟೆಯಿಂದಲೇ ಹಾಸಿಗೆ ತರುತ್ತೇವೆ, ಮಖಮಲ್ಲು ಹಿಂದಕ್ಕೆ ಕಳಿಸಿಬಿಡು.

ಕೊನೆಗೆ ಮುನಾವ್ವರ್ ಖೋಲಾಳ ಬಾಗಿಲು.

"ನಿನಗೋಸ್ಕರ ಮೊಹಲ್ಲಾ ಮುಂದೆ ಸುಳ್ಳು ಹೇಳ್ದೆ. ಒಂದು ಬಟ್ಟಲು ಚಹಾ ಕುಡಿಯೋಷ್ಟು ಹೊತ್ತು ಸುಮ್ನೆ ಕೂತಿರೋಕೆ ಆಗ್ಲಿಲ್ವಾ ನಿನಗೆ?"

"ಅದು ಅಳ್ತಿತ್ತು ಖೋಲಾ."

"ಅಳ್ಲಿ. ನಾವೆಲ್ಲ ಅಳ್ಲಿಲ್ವಾ?" ಎಂದು ಮುನಾವ್ವರ್ ಖೋಲಾ ಬಾಗಿಲು ಹಾಕಿಕೊಂಡಳು.

ಬೆಕ್ಕು ತೊಟ್ಟಿಲಲ್ಲಿ ಅಲುಗದೆ ಕಟ್ಟಿಸಿಕೊಂಡಿರಬೇಕಾದ ದಿನಗಳು ಅವತ್ತಿಗೆ ಮುಗಿದಿದ್ದವು. ಹೊರಡುವಾಗ ಬೆಕ್ಕನ್ನು ಜಮಖಾನೆಯ ಮೇಲೆ ಬಿಟ್ಟು ಬಂದಿದ್ದಳು. ಈಗ ಬೀಗ ತೆಗೆದರೆ ಅದು ಹೊಸ್ತಿಲಲ್ಲಿತ್ತು. ಮುಂಗಾಲಲ್ಲೇ ಇಡೀ ಕೋಣೆ ದಾಟಿ ಬಂದಿತ್ತು. ಹಿಂದೆ ಒದ್ದೆಯ ಗೆರೆ ಉದ್ದಕ್ಕೂ ಎಳೆದುಕೊಂಡಿತ್ತು. ಪ್ರೀತಿಯಿಂದ ಬಂದಿತ್ತೋ, ಹಸಿವಿನಿಂದ ಬಂದಿತ್ತೋ, ಬೆಕ್ಕು ಅದನ್ನೆಲ್ಲ ಹೇಳುವುದಿಲ್ಲ.

ರಿಸೋಲತ್ ಬಾಗಿಲು ಹಾಕದೆ ಅಲ್ಲೇ ಹೊಸ್ತಿಲಲ್ಲಿ ಕುಳಿತಳು.

"ನಿನ್ನನ್ನ ಮಗು ಅಂದ್ಕೊಂಡಿದ್ರಲ್ಲ, ಆಗ ಚೆನ್ನಾಗಿತ್ತು ಕಣೇ" ಎಂದಳು.

ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಹಿಂದಿನ ದಿನ ಬೂವಿಯ ಮಡಿಲಲ್ಲಿ ಬರದ ಅಳು ಈಗ ಬಂತು. ಬೀದಿಯಲ್ಲಿ ಯಾರೋ ನಡೆದು ಹೋದರು. ಹೆಜ್ಜೆ ಒಂದಿಷ್ಟು ನಿಧಾನವಾಯಿತು, ಮತ್ತೆ ಮುಂದೆ ಹೋಯಿತು. ಮಧ್ಯಾಹ್ನದ ಹೊತ್ತಾಗಿತ್ತು. ಅವಳು ಮೂಗು ಒರೆಸಿಕೊಂಡು, ಬೆಕ್ಕನ್ನು ತೊಡೆಯ ಮೇಲೆ ಎಳೆದುಕೊಂಡು, ಹೊಟ್ಟೆಯ ಕೆಳಗೆ ಬೆರಳಿಟ್ಟು ಒತ್ತಿದಳು.